ತೇಲುವ ಪ್ಲಾಸ್ಟಿಕ್ ಜೆಟ್ಟಿ: ಸಾಮಾನು ಗಟ್ಟಿ, ಎತ್ತರದ ಲೆಕ್ಕ ಮಾತ್ರ ನಿಮ್ಮದೇ

ಮಂಡ್ಯದ ಸಮೀಪ ನಮ್ಮ ಕುಟುಂಬದ ಜಮೀನಿನಲ್ಲಿರುವ ದೊಡ್ಡ ಕೊಳದಲ್ಲಿ, ತಂಗಲು ಬರುವ ಅತಿಥಿಗಳಿಗೆಂದು ಎರಡು ಪೆಡಲ್ ದೋಣಿಗಳನ್ನೂ ಒಂದು ಕಯಾಕನ್ನೂ (ಹುಟ್ಟು ಹಾಕಿ ನಡೆಸುವ ಸಪೂರ ದೋಣಿ) ಇಟ್ಟಿದ್ದೇವೆ. ಇವುಗಳನ್ನು ಹತ್ತಿ ಇಳಿಯಲು ಮೈಸೂರಿನ ಮಾರಾಟಗಾರರೊಬ್ಬರಿಂದ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಜೋಡಿಸಿ ಮಾಡುವ ತೇಲುವ ಜೆಟ್ಟಿಯನ್ನು ಹಾಕಿಸಿದೆವು. ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಅದು ಕಂಡಿರುವುದರಿಂದ, ಇಂಥದ್ದನ್ನೇ ಕೊಳ್ಳುವ ಯೋಚನೆಯಲ್ಲಿರುವವರಿಗೆ ಉಪಯೋಗವಾಗಬಹುದೆಂದು ಈ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ.

ಕಲ್ಲು ಸಿಮೆಂಟಿನ ಸ್ಥಿರ ಕಟ್ಟೆಯನ್ನು ಬಿಟ್ಟು ತೇಲುವ ಜೆಟ್ಟಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ ನಮ್ಮ ನೀರಿನ ಸ್ವಭಾವ. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಂತೆ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಟ್ಟಾಗ ಸುತ್ತಲಿನ ಗದ್ದೆಗಳ ಬಸಿನೀರಿನಿಂದ ಕೊಳ ಏರುತ್ತದೆ, ನಿಲ್ಲಿಸಿದಾಗ ಇಳಿಯತೊಡಗುತ್ತದೆ, ಬೇಸಿಗೆಯ ಕೊನೆಗಂತೂ ತುಂಬಿದ ಮಟ್ಟಕ್ಕಿಂತ ನಾಲ್ಕು ಅಡಿಯಷ್ಟು ಕೆಳಗೆ ಹೋಗಿರುತ್ತದೆ. ತುಂಬಿದ ನೀರಿಗೆ ಸರಿಯಾಗಿ ಕಟ್ಟಿದ ಸ್ಥಿರ ಕಟ್ಟೆಯಿಂದ ಏಪ್ರಿಲ್ ತಿಂಗಳಲ್ಲಿ ದೋಣಿಗೆ ಇಳಿಯಲು ಏಣಿ ಬೇಕಾಗುತ್ತದೆ. ಬೇಸಿಗೆಯ ನೀರಿಗೆ ಹೊಂದಿಸಿ ಕಟ್ಟಿದರೆ ಆಗಸ್ಟ್‌ನಲ್ಲಿ ಕಟ್ಟೆಯೇ ಮುಳುಗಿರುತ್ತದೆ. ಶ್ರೀರಂಗಪಟ್ಟಣದ ಸ್ನಾನಘಟ್ಟಗಳನ್ನು ಕಟ್ಟಿದವರು ಒಂದೇ ಎತ್ತರವನ್ನು ಆರಿಸುವ ಗೋಜಿಗೆ ಹೋಗದೆ ಮೆಟ್ಟಿಲುಗಳನ್ನೇ ನೀರಿಗಿಳಿಸಿದ್ದು ಸುಮ್ಮನೆ ಅಲ್ಲ. ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿಯಾದರೂ ಅದು 90 ಅಡಿಗಿಂತ ಕೆಳಗಿಳಿದ ವರ್ಷಗಳುಂಟು. ಅಂಥ ಹಿನ್ನೀರಿನಲ್ಲಿ ಸ್ಥಿರ ಕಟ್ಟೆಗೆ ಸರಿಯಾದ ಎತ್ತರವೆಂಬುದೇ ಇರಲಾರದು. ವರ್ಷವಿಡೀ ನೀರು ಒಂದೆರಡು ಅಡಿಯೊಳಗೇ ಆಡುವ ಕೆರೆಯಾದರೆ ಸ್ಥಿರ ಕಟ್ಟೆಯೇ ಲೇಸು.

ಇನ್ನು ಸಾಮಾನಿನ ವಿಷಯ. ಪ್ರತಿಯೊಂದು ಪೆಟ್ಟಿಗೆಯೂ 50 ಸೆಂ.ಮೀ. ಉದ್ದ, ಅಷ್ಟೇ ಅಗಲ ಮತ್ತು 40 ಸೆಂ.ಮೀ. ಎತ್ತರವಿದ್ದು, ಸುಮಾರು ಏಳು ಕಿಲೋ ತೂಗುತ್ತದೆ. ಮೂಲೆಗಳ ಕಿವಿಗಳನ್ನು ಒಂದರ ಮೇಲೊಂದು ಕೂಡಿಸಿ ಪಿನ್ನು ತಿರುಗಿಸಿದರೆ ಜೋಡಣೆ ಮುಗಿಯಿತು. ಮೇಲ್ಮೈ ಒರಟಾಗಿರುವುದರಿಂದ ಒದ್ದೆ ಕಾಲು ಜಾರುವುದಿಲ್ಲ, ಆದರೆ ಬೇಸಿಗೆಯ ಮಧ್ಯಾಹ್ನ ಬರಿಗಾಲಿನಲ್ಲಿ ನಿಲ್ಲಲು ಸಾಧ್ಯವಿಲ್ಲದಷ್ಟು ಕಾಯುತ್ತದೆ. ಬಿರುಕಾಗಲಿ ಬಣ್ಣಗೆಡುವುದಾಗಲಿ ಇದುವರೆಗೆ ಕಂಡುಬಂದಿಲ್ಲ.

ನನ್ನ ಆಕ್ಷೇಪವಿರುವುದು ಎತ್ತರದ ವಿಷಯದಲ್ಲಿ ಮಾರಾಟಗಾರರು ಕೊಟ್ಟ ಸಲಹೆಯ ಬಗ್ಗೆ. ಎತ್ತರವೆಷ್ಟು ಎಂದು ಕೇಳಿದಾಗ ಅವರು 40 ಸೆಂ.ಮೀ. ಎಂದರು. ಅದು ಪೆಟ್ಟಿಗೆಯ ಎತ್ತರ. ದೋಣಿ ಹತ್ತುವವನಿಗೆ ಬೇಕಾದದ್ದು ನೀರಿನಿಂದ ಜೆಟ್ಟಿಯ ಮೇಲ್ಮೈಗೆ ಇರುವ ಎತ್ತರ. ಒಂದು ಚದರ ಮೀಟರಿಗೆ ನಾಲ್ಕು ಪೆಟ್ಟಿಗೆ, ಅಂದರೆ 28 ಕಿಲೋ. ಚದರ ಮೀಟರಿಗೆ ಹತ್ತು ಕಿಲೋ ಭಾರ ಬಿದ್ದರೆ ಜೆಟ್ಟಿ ಒಂದು ಸೆಂ.ಮೀ. ಮುಳುಗುತ್ತದೆಯಾದ್ದರಿಂದ, ಖಾಲಿ ಜೆಟ್ಟಿ ನೀರಿನಿಂದ ಸುಮಾರು 37 ಸೆಂ.ಮೀ. ಮೇಲಿರುತ್ತದೆ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ನಮ್ಮ ಜೆಟ್ಟಿಯ ಮೇಲೆ ಹನ್ನೆರಡು ಮಂದಿ ಹರಡಿ ನಿಂತರೂ ಇಳಿಯುವುದು ಇನ್ನು ಆರೇಳು ಸೆಂ.ಮೀ. ಮಾತ್ರ. ಅವರೆಲ್ಲ ಫೋಟೋಕ್ಕಾಗಿ ಒಂದೇ ಅಂಚಿಗೆ ಸೇರಿದರೆ ಆ ಬದಿ ಅದಕ್ಕಿಂತ ಹೆಚ್ಚು ತಗ್ಗಿ ಎದುರು ಬದಿ ಏಳುತ್ತದೆ. ಅಗಲ ಕಡಿಮೆಯಿದ್ದಷ್ಟೂ ಈ ವಾಲುವಿಕೆ ಹೆಚ್ಚು.

ಒಂದಡಿಗಿಂತ ತುಸು ಹೆಚ್ಚಿನ ಈ ಎತ್ತರ ಪೆಡಲ್ ದೋಣಿಗೆ ಹೇಳಿ ಮಾಡಿಸಿದಂತಿದೆ. ದೋಣಿಯ ಅಂಚೂ ಜೆಟ್ಟಿಯ ಅಂಚೂ ಹೆಚ್ಚುಕಡಿಮೆ ಸಮನಾಗಿ ನಿಲ್ಲುವುದರಿಂದ ಸೀರೆಯುಟ್ಟ ಹಿರಿಯರೂ ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾರೆ. ಸಣ್ಣ ಮೋಟಾರು ದೋಣಿಗಳಿಗೂ 12ರಿಂದ 18 ಅಂಗುಲದ ಎತ್ತರ ಸಾಮಾನ್ಯವಾಗಿ ಒಗ್ಗುತ್ತದೆ. ಕಯಾಕಿನ ಕಥೆಯೇ ಬೇರೆ. ಅದರಲ್ಲಿ ಕೂರುವ ಜಾಗ ಬಹುತೇಕ ನೀರಿನ ಮಟ್ಟದಲ್ಲೇ ಇರುವುದರಿಂದ ಆರೆಂಟು ಅಂಗುಲಕ್ಕಿಂತ ಎತ್ತರದ ಜೆಟ್ಟಿಯಿಂದ ಇಳಿಯುವವನು ಕೊನೆಯ ಗಳಿಗೆಯಲ್ಲಿ ತನ್ನ ಭಾರವನ್ನೆಲ್ಲ ಅದರ ಒಂದು ಬದಿಗೆ ಹಾಕಿ ಮಗುಚಿಕೊಳ್ಳುತ್ತಾನೆ. ನಮ್ಮಲ್ಲಿ ನೀರಿಗೆ ಬಿದ್ದ ಅತಿಥಿಗಳೆಲ್ಲ ಕಯಾಕಿನವರೇ. ಇದೇ ಮಾದರಿಯಲ್ಲಿ 25 ಸೆಂ.ಮೀ. ಎತ್ತರದ ಪೆಟ್ಟಿಗೆಗಳೂ ದೊರೆಯುತ್ತವೆ ಎಂಬುದನ್ನು ಮಾರಾಟಗಾರರು ತಾವಾಗಿ ಹೇಳಲಿಲ್ಲ. ಯಾವ ಯಾವ ದೋಣಿಗಳಿವೆ ಎಂದು ಮೊದಲೇ ಕೇಳಿದ್ದರೆ ಒಂದು ಬದಿಯನ್ನು ತಗ್ಗಾಗಿಯೇ ಜೋಡಿಸಬಹುದಿತ್ತು. ಹರಿಗೋಲು ಇಟ್ಟುಕೊಂಡವರು ಈ ಚಿಂತೆಯನ್ನು ಬಿಡಬಹುದು. ಅದನ್ನು ದಡಕ್ಕೆ ಎಳೆದು ಹತ್ತುವುದೇ ಸುಲಭ.

ಜೆಟ್ಟಿ ನೀರಿನೊಂದಿಗೆ ಇಳಿಯುತ್ತದೆ, ದಡ ಇಳಿಯುವುದಿಲ್ಲ. ಎರಡನ್ನೂ ಕೂಡಿಸುವ ಹಲಗೆಯ ಸೇತುವೆಯನ್ನು ಹನ್ನೆರಡು ಅಡಿಗೆ ಕೊಟ್ಟಿದ್ದರು. ನೀರು ತುಂಬಿದಾಗ ಅದು ಸಮತಟ್ಟಾಗಿಯೇ ಇತ್ತು. ನಾಲ್ಕು ಅಡಿ ಇಳಿದ ಮೇಲೆ ಮೂರಡಿಗೆ ಒಂದಡಿಯ ಇಳಿಜಾರಾಗಿ, ಪಕ್ಕದ ಕಬ್ಬಿಣದ ಕಂಬಿಯನ್ನು ಹಿಡಿಯದೆ ಇಳಿಯಲಾಗುತ್ತಿರಲಿಲ್ಲ. ಹೆಚ್ಚುವರಿ ಹಣ ಕೊಟ್ಟು ಇಪ್ಪತ್ತು ಅಡಿಗೆ ಬದಲಾಯಿಸಿಕೊಂಡ ಮೇಲೆ ನಡೆಯಲು ತೊಂದರೆಯಿಲ್ಲ. ಆದರೂ ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದರ ಇಳಿಜಾರು ಬೇಕಾಗುವುದರಿಂದ ಬೇಸಿಗೆಯಲ್ಲಿ ಅಂಥ ಅತಿಥಿಗಳನ್ನು ದೋಣಿಯವರೆಗೆ ಕರೆದೊಯ್ಯುವುದು ನಮ್ಮಿಂದ ಈಗಲೂ ಆಗುತ್ತಿಲ್ಲ. ಜೆಟ್ಟಿಯ ದರವನ್ನು ಚದರ ಅಡಿಯ ಲೆಕ್ಕದಲ್ಲಿ ಹೇಳುವವರು ಸೇತುವೆಯ ದರವನ್ನು ಬೇರೆಯಾಗಿ ಹೇಳುತ್ತಾರೆ. ಬೆಲೆ ಹೋಲಿಸುವಾಗ ಎರಡನ್ನೂ ಸೇರಿಸಿಯೇ ನೋಡಬೇಕು.

ಅಳವಡಿಸಲು ಬಂದ ಹುಡುಗರ ಕೆಲಸವನ್ನು ಮೆಚ್ಚಲೇಬೇಕು. ಜೆಟ್ಟಿ ತೇಲಿ ಹೋಗದಂತೆ ಜಿಐ ಪೈಪುಗಳನ್ನು ಕೊಳದ ತಳಕ್ಕೆ ಹೂಳಿ, ಅವುಗಳ ಸುತ್ತ ಬಳೆಗಳನ್ನು ಹಾಕಿ, ಅದು ಸಲೀಸಾಗಿ ಏರಿಳಿಯುವಂತೆ ಮಾಡಿದರು. ಪೈಪಿನ ತುದಿ ತುಂಬಿದ ನೀರಿನ ಮಟ್ಟಕ್ಕಿಂತ ಮೂರಡಿ ಮೇಲಿರಬೇಕೆಂದು ಅವರೇ ಹಟ ಹಿಡಿದದ್ದರಿಂದ, ದೊಡ್ಡ ಮಳೆಗೆ ಕೊಳ ಕೋಡಿ ಬಿದ್ದ ರಾತ್ರಿಯಲ್ಲೂ ಬಳೆಗಳು ಪೈಪಿನಿಂದ ಕಳಚಲಿಲ್ಲ. ಅತಿ ಕಡಿಮೆ ನೀರಿನಲ್ಲೂ ಜೆಟ್ಟಿಯ ಅಡಿ ಕೆಸರಿಗೆ ತಾಗದಷ್ಟು ಆಳವಿರುವ ಜಾಗವನ್ನೂ ಅವರೇ ಕೋಲು ಇಳಿಸಿ ಗುರುತಿಸಿದರು. ಹೂಳಿನ ಮೇಲೆ ಕುಳಿತ ಜೆಟ್ಟಿ ಒಂದು ಕಡೆಗೆ ವಾಲುತ್ತದೆ, ನೀರು ಏರಿದಾಗ ಕೆಸರಿನಿಂದ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ.

ಪೆಡಲ್ ದೋಣಿಗಳಿಗಾಗಿ, ಹರಿವಿಲ್ಲದ ಕೊಳಕ್ಕೆ ಈ ಜೆಟ್ಟಿಯನ್ನು ಧೈರ್ಯವಾಗಿ ಕೊಳ್ಳಬಹುದು. ಕಾವೇರಿಯ ಹರಿವಿಗೆ ಇಷ್ಟೇ ಪೈಪುಗಳನ್ನು ನಂಬಿ ಹಾಕಿಸುವುದು ತರವಲ್ಲ. ಅಂಗಡಿಗೆ ಹೋಗುವ ಮುನ್ನ ದೋಣಿಯಲ್ಲಿ ಜನರನ್ನು ಕೂರಿಸಿ ನೀರಿನಿಂದ ಅದರ ಅಂಚಿನ ಎತ್ತರವನ್ನು ಅಳೆದುಕೊಳ್ಳಿ, ಕೊಳದ ಗರಿಷ್ಠ ಹಾಗೂ ಕನಿಷ್ಠ ಮಟ್ಟಗಳನ್ನು ದಡದ ಕಲ್ಲೊಂದರ ಮೇಲೆ ಗುರುತು ಮಾಡಿಕೊಳ್ಳಿ, ಈ ಅಂಕಿಗಳನ್ನು ದರಪಟ್ಟಿಯ ಮೇಲೆಯೇ ಬರೆಸಿಕೊಂಡು ಮುಂಗಡ ಕೊಡಿ. ಕಯಾಕಿಗೆಂದು ತಗ್ಗಿನ ಪೆಟ್ಟಿಗೆಗಳಿಗೆ ನಾವು ಈಗ ಹೇಳಿದ್ದೇವೆ. ಎತ್ತರದ ಪೆಟ್ಟಿಗೆಗಳಿಗೆ ಅವನ್ನು ಜೋಡಿಸುವ ಬಗೆಯನ್ನು ಅದೇ ಹುಡುಗರು ಬಂದು ನೋಡಿ ತಿಳಿಸುವುದಾಗಿ ಒಪ್ಪಿದ್ದಾರೆ.