ಮಾರಾಟ ವರದಿಯ ತಂತ್ರಾಂಶ: ಪದಕೋಶಕ್ಕೆ ಗೊತ್ತಿರುವುದು ಮುಖಪುಟಕ್ಕೆ ಗೊತ್ತಿಲ್ಲ

ನಮ್ಮ ಲೆಕ್ಕಪತ್ರ ವಿಭಾಗವು ವಾರ್ಷಿಕ ಚಂದಾ ಕಟ್ಟಿ ತರಿಸಿಕೊಂಡ ಮಾರಾಟ ವರದಿಯ ತಂತ್ರಾಂಶವೊಂದನ್ನು ಎರಡು ತ್ರೈಮಾಸಿಕಗಳ ಕಾಲ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅದು ಬೇಗ ತೆರೆದುಕೊಳ್ಳುತ್ತದೆ, ನಕ್ಷೆಗಳು ಮೊಬೈಲಿನಲ್ಲೂ ಓದುವಂತಿವೆ. ಆ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನನ್ನ ಗಮನ ಸೆಳೆದದ್ದು ಅದರ ಜೊತೆಗೆ ಬರುವ ಪದಕೋಶ. ಮಾರಾಟದ ಅಂಕಿಗಳನ್ನು ಉಬ್ಬಿಸಿ ತೋರಿಸುವ ಚಾಳಿಗಳಿಗೆ ವ್ಯಾಪಾರ ವಲಯದವರು ಇಟ್ಟಿರುವ ಹೆಸರುಗಳನ್ನು ಅದು ಬಿಡಿಸಿ ಹೇಳುತ್ತದೆ.

ಅದರಲ್ಲಿ ‘ಚಾನೆಲ್ ಸ್ಟಫಿಂಗ್’ ಕುರಿತ ಪುಟ ಅತ್ಯುತ್ತಮವಾಗಿದೆ. ತ್ರೈಮಾಸಿಕದ ಕೊನೆಯ ದಿನಗಳಲ್ಲಿ ಹೆಚ್ಚಿನ ರಿಯಾಯಿತಿ, ದೀರ್ಘಾವಧಿಯ ಉದ್ರಿ, ಖರ್ಚಾಗದಿದ್ದರೆ ವಾಪಸ್ ಪಡೆಯುತ್ತೇವೆಂಬ ಮಾತು ಇವುಗಳ ಆಸೆ ತೋರಿಸಿ, ಗಿರಾಕಿಗಳು ಕೊಳ್ಳುವುದಕ್ಕಿಂತ ಹೆಚ್ಚು ಮಾಲನ್ನು ವಿತರಕರ ಗೋದಾಮಿಗೆ ತುಂಬಿ, ಅದಷ್ಟನ್ನೂ ಈ ಅವಧಿಯ ಮಾರಾಟವೆಂದು ಬರೆದುಕೊಳ್ಳುವುದೇ ಅದರ ಅರ್ಥ. ಇಲ್ಲಿ ಬಿಲ್ಲು ಸುಳ್ಳಲ್ಲ, ಲಾರಿ ಹೋದದ್ದೂ ನಿಜ. ಆದರೆ ಮುಂದಿನ ತ್ರೈಮಾಸಿಕದ ಬೇಡಿಕೆಯನ್ನು ಈಗಲೇ ಸಾಲ ತಂದಂತಾಗುತ್ತದೆ. ಆ ಕೊರತೆ ಮುಚ್ಚಲು ಮುಂದಿನ ಬಾರಿ ಇನ್ನಷ್ಟು ತುಂಬಬೇಕಾಗುತ್ತದೆ. ಕೋಕಾ-ಕೋಲಾ ಕಂಪನಿಯು 1997ರಿಂದ 1999ರವರೆಗೆ ಜಪಾನಿನ ಬಾಟಲಿಂಗ್ ಸಂಸ್ಥೆಗಳಿಗೆ ತ್ರೈಮಾಸಿಕದ ಕೊನೆಯಲ್ಲಿ ಉದ್ರಿ ವಿಸ್ತರಿಸಿ ಅಗತ್ಯಕ್ಕಿಂತ ಹೆಚ್ಚು ಪಾನೀಯ ಸಾರವನ್ನು ಕೊಳ್ಳುವಂತೆ ಮಾಡಿತ್ತೆಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯಾದ ಎಸ್‌ಇಸಿ 2005ರಲ್ಲಿ ಹೇಳಿತು. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ ಕಂಪನಿ ಆ ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡಿತು. ಆ ಪದ್ಧತಿಗಿದ್ದ ಹೆಸರು ‘ಗ್ಯಾಲನ್ ಪುಶಿಂಗ್’, ಅಂದರೆ ಗ್ಯಾಲನ್‌ಗಟ್ಟಲೆ ತಳ್ಳುವುದು. ಹೆಸರು ಕೇಳಿದರೆ ಯಾರೋ ಶ್ರಮಜೀವಿಗಳ ಕೆಲಸವೆನಿಸುತ್ತದೆ.

‘ಬಿಲ್ ಅಂಡ್ ಹೋಲ್ಡ್’ ಎಂಬುದಕ್ಕೂ ಪದಕೋಶ ನ್ಯಾಯ ಸಲ್ಲಿಸಿದೆ. ಇದರಲ್ಲಿ ಬಿಲ್ಲು ಹೋಗುತ್ತದೆ, ಮಾಲು ಮಾತ್ರ ಮಾರಿದವರ ಬಳಿಯೇ ಉಳಿಯುತ್ತದೆ. ಇದು ಯಾವಾಗಲೂ ತಪ್ಪಲ್ಲ: ಕೊಂಡವರು ತಮ್ಮದೇ ಕಾರಣಕ್ಕೆ ಹಾಗೆ ಕೇಳಿಕೊಂಡಿದ್ದು, ಅವರ ಮಾಲನ್ನು ಬೇರೆಯಾಗಿ ಗುರುತಿಸಿ, ಕಳುಹಿಸಲು ಸಿದ್ಧವಾಗಿಟ್ಟು, ಇನ್ನೊಬ್ಬರಿಗೆ ಕೊಡಲಾಗದಂತೆ ಇರಿಸಿದ್ದರೆ ಐಎಫ್‌ಆರ್‌ಎಸ್ 15 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡವು ಅದನ್ನು ಮಾರಾಟವೆಂದು ಒಪ್ಪುತ್ತದೆ. ಅಮೆರಿಕದ ಗೃಹೋಪಯೋಗಿ ಉಪಕರಣಗಳ ಸನ್‌ಬೀಮ್ ಕಂಪನಿಯು 1997ರಲ್ಲಿ ಬೇಸಿಗೆಯ ಬಳಕೆಯ ಗ್ರಿಲ್ ಒಲೆಗಳನ್ನು ಬೇಸಿಗೆಗೆ ತಿಂಗಳುಗಳ ಮೊದಲೇ ಮಾರಾಟದ ಲೆಕ್ಕಕ್ಕೆ ಸೇರಿಸಿದ ಉದಾಹರಣೆಯೊಂದಿಗೆ ಓದಿದಾಗ ಈ ಷರತ್ತುಗಳು ಯಾತಕ್ಕೆ ಬಂದವೆಂಬುದು ತಾನಾಗಿ ತಿಳಿಯುತ್ತದೆ.

ಒಬ್ಬರಿಗೊಬ್ಬರು ಮಾರಿಕೊಂಡು ಹಣ ಸುತ್ತಿಸುವ ‘ರೌಂಡ್ ಟ್ರಿಪ್ಪಿಂಗ್’ಗೆ ಎರಡೇ ಸಾಲು ಕೊಟ್ಟಿರುವುದು ಕಡಿಮೆಯಾಯಿತು. ಗುರಿ ಮುಟ್ಟಿದ ಮೇಲೆ ಉಳಿದ ಆರ್ಡರುಗಳನ್ನು ಮುಂದಿನ ತಿಂಗಳಿಗೆ ಬಚ್ಚಿಡುವ ‘ಸ್ಯಾಂಡ್‌ಬ್ಯಾಗಿಂಗ್’ ಇದೆ ಎಂಬುದು ಸಮಾಧಾನದ ಸಂಗತಿ. ಕಡಿಮೆ ತೋರಿಸುವುದೂ ದಾರಿ ತಪ್ಪಿಸುವ ವರದಿಯೇ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ.

ಇಷ್ಟೆಲ್ಲ ಬಲ್ಲ ತಂತ್ರಾಂಶದ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಕಾಣುವ ‘ಒಟ್ಟು ಮಾರಾಟ’ ಯಾವುದು? ವಿತರಕರಿಗೆ ಕಳುಹಿಸಿದ ಮಾಲಿನ ಬಿಲ್ಲುಗಳ ಮೊತ್ತ, ಅಂದರೆ ಪ್ರೈಮರಿ ಸೇಲ್ಸ್. ವಿತರಕರಿಂದ ಅಂಗಡಿಗಳಿಗೆ ಹೋದ ಸೆಕೆಂಡರಿ ಸೇಲ್ಸ್ ನೋಡಲು ಮೂರು ಪುಟ ದಾಟಬೇಕು. ವಾಪಸ್ ಬಂದ ಮಾಲನ್ನು ಅದು ಬಂದ ತಿಂಗಳಿನ ಲೆಕ್ಕದಲ್ಲಿ ಕಳೆಯಲಾಗುತ್ತದೆ, ಅದನ್ನು ಕಳುಹಿಸಿದ ತಿಂಗಳಿನ ಅಂಕಿ ಮಾತ್ರ ಹಾಗೆಯೇ ಹೊಳೆಯುತ್ತಿರುತ್ತದೆ. ಮೊದಲ ತ್ರೈಮಾಸಿಕದ ಕೊನೆಯ ವಾರದಲ್ಲಿ ನಮ್ಮ ಮಾರಾಟದ ಗೆರೆ ಚೆನ್ನಾಗಿ ಮೇಲೇರಿದಾಗ ಸಭೆಯಲ್ಲಿ ಎಲ್ಲರೂ ಸಂತೋಷಪಟ್ಟೆವು. ವಿತರಕರ ಗೋದಾಮಿನಲ್ಲಿ ಎಷ್ಟು ದಿನದ ದಾಸ್ತಾನು ಬಿದ್ದಿದೆ, ಬಾಕಿ ವಸೂಲಿಗೆ ಎಷ್ಟು ದಿನ ಹಿಡಿಯುತ್ತಿದೆ ಎಂಬ ಎರಡು ಅಂಕಿಗಳು ಅದೇ ಪುಟದಲ್ಲಿದ್ದಿದ್ದರೆ ಆ ಸಂತೋಷ ಅಷ್ಟು ಹೊತ್ತು ಉಳಿಯುತ್ತಿರಲಿಲ್ಲ.

ಗ್ರಾಹಕ ಸಹಾಯ ವಿಭಾಗಕ್ಕೆ ಬರೆದಾಗ ಮರುದಿನವೇ ಸೌಜನ್ಯದ ಉತ್ತರ ಬಂತು: ಹೆಚ್ಚಿನ ಗ್ರಾಹಕರು ಮುಖಪುಟವನ್ನು ಹೀಗೆಯೇ ಬಯಸುತ್ತಾರಂತೆ. ನನಗೆ ಅದು ನಂಬಲಾಗದ ಮಾತೇನಲ್ಲ. ಪದಕೋಶಕ್ಕಾಗಿ ಪೂರ್ಣ ಅಂಕ ಕೊಡುತ್ತೇನೆ, ಮುಖಪುಟಕ್ಕೆ ಅರ್ಧವನ್ನೂ ಕೊಡಲಾರೆ. ಸದ್ಯಕ್ಕೆ ಆ ಎರಡು ಅಂಕಿಗಳನ್ನು ಎಕ್ಸೆಲ್ ಹಾಳೆಯಲ್ಲಿ ಕೈಯಾರೆ ತುಂಬಿ, ಮುಖಪುಟದ ಪ್ರತಿಗೆ ಪಿನ್ನು ಹೊಡೆದು ಸಭೆಗೆ ಒಯ್ಯುತ್ತಿದ್ದೇವೆ.