ಶಿಮಾನೋ ಕುರಾಡೋ 201ಕೆ: ಐದು ವರ್ಷ ಬಳಸಿದ ಮೇಲೆ

ಇದು ಮೀನು ಹಿಡಿಯುವ ರೀಲ್, ಅಂದರೆ ರಾಡ್‌ಗೆ ಕೂರಿಸಿ ಗಾಳದ ಲೈನ್ ಸುತ್ತಿಡುವ ಯಂತ್ರ. ಇಷ್ಟವಾದದ್ದನ್ನೇ ಮೊದಲು ಹೇಳಿಬಿಡುತ್ತೇನೆ. ಹೋದ ಶನಿವಾರ ಬೆಳಿಗ್ಗೆ ಆರೂವರೆಗೆ ರೇ ರಾಬರ್ಟ್ಸ್ ಕೆರೆಯ ದಂಡೆಯಲ್ಲಿದ್ದೆ. ನೀರಲ್ಲೇ ಒಣಗಿ ನಿಂತಿದ್ದ ಮರವೊಂದರ ಬುಡಕ್ಕೆ ಲೂರ್, ಅಂದರೆ ಮೀನನ್ನು ಸೆಳೆಯುವ ಕೃತಕ ಎರೆ, ಎಸೆದೆ. ಅದು ನೀರು ಮುಟ್ಟುವ ಅರೆಕ್ಷಣ ಮೊದಲು ಹೆಬ್ಬೆರಳನ್ನು ಲೈನ್ ಸುತ್ತಿರುವ ಸ್ಪೂಲ್ ಮೇಲೆ ಒತ್ತಿದೆ. ಲೂರ್ ಗಾಳಿಯಲ್ಲೇ ಒಮ್ಮೆ ತಡೆದು, ಎಲೆ ಉದುರಿದ ಹಾಗೆ ಕೆಳಗಿಳಿಯಿತು. ನೀರು ಚಿಮ್ಮಲಿಲ್ಲ. ಎರಡು ಎಣಿಸುವಷ್ಟರಲ್ಲಿ ಲೈನ್ ಪಕ್ಕಕ್ಕೆ ಜರುಗಿತು. ಎರಡೂವರೆ ಕೆಜಿಯ ಬಾಸ್. ಮೀನು ಸಿಕ್ಕಿದ್ದಕ್ಕಿಂತ ಆ ಹೆಬ್ಬೆರಳ ಒತ್ತು ಸರಿಯಾಗಿ ಬಿದ್ದದ್ದೇ ನನಗೆ ಇಡೀ ದಿನದ ಖುಷಿ.

ಹಾಗಂತ ಈ ರೀಲನ್ನು ಕಣ್ಣುಮುಚ್ಚಿ ತಗೊಳ್ಳಿ ಅಂತ ಹೇಳುತ್ತಿಲ್ಲ. ಇದಕ್ಕೂ ಮುಂಚೆ ನನ್ನ ಒಂದು ವರ್ಷ ಪೂರ್ತಿ ಹಾಳಾಗಿತ್ತು. ದುಡ್ಡೂ ಹೋಯಿತು, ಶನಿವಾರಗಳೂ ಹೋದವು. ಬೇರೆಯವರ ಶನಿವಾರಗಳಾದರೂ ಉಳಿಯಲಿ ಎಂದು ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು, ಈಗ ಇರುವುದು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ. ಚಿಕ್ಕಂದಿನಲ್ಲಿ ತುಂಗೆಯ ದಡದಲ್ಲಿ ಬಿದಿರಿನ ಕೋಲು, ತಂಗೂಸಿ, ಬೆಂಡು, ಎರೆಹುಳು ಇಷ್ಟೇ ನಮ್ಮ ಸಾಮಾನು. ಇಲ್ಲಿ ಬಂದ ಮೇಲೆ ಲಾರ್ಜ್‌ಮೌತ್ ಬಾಸ್‌ನ ಹುಚ್ಚು ಹಿಡಿಯಿತು. ಊರಿನ ಕೊರವ ಮೀನು ಗೊತ್ತಿದ್ದವರಿಗೆ ಈ ಮೀನಿನ ಸ್ವಭಾವ ಬೇಗ ಅರ್ಥವಾಗುತ್ತದೆ. ಜೊಂಡಿನಲ್ಲಿ, ಮರದ ಬುಡದಲ್ಲಿ ಹೊಂಚು ಹಾಕಿ ಕೂತಿರುತ್ತದೆ. ಎದುರಿಗೆ ಬಂದದ್ದನ್ನು ಬಾಯಿ ಅಗಲಿಸಿ ಎಳೆದುಕೊಳ್ಳುತ್ತದೆ. ಹಾಗಾಗಿ ಲೂರ್ ಎಷ್ಟು ದೂರ ಹೋಯಿತು ಅನ್ನುವುದಕ್ಕಿಂತ ಎಲ್ಲಿ ಬಿತ್ತು, ಹೇಗೆ ಬಿತ್ತು ಅನ್ನುವುದೇ ಮುಖ್ಯ. ಬೇಯ್ಟ್‌ಕಾಸ್ಟರ್ ಅನ್ನುವ ಈ ಬಗೆಯ ರೀಲ್ ಬೇಕಾಗುವುದು ಇದಕ್ಕೇ. ಸ್ಪೂಲ್ ಹೆಬ್ಬೆರಳ ಕೆಳಗೇ ಇರುತ್ತದೆ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು.

ಮೊದಲು ಕೊಂಡದ್ದು ಈ ರೀಲ್ ಅಲ್ಲ. ಒಂದು ದೊಡ್ಡ ಅಂಗಡಿಯಲ್ಲಿ 99 ಡಾಲರ್‌ಗೆ ರಾಡ್, ರೀಲ್ ಎರಡೂ ಸೇರಿದ ಕಾಂಬೊ. "ಇದೊಂದಿದ್ದರೆ ಸಾಕು, ಎಲ್ಲದಕ್ಕೂ ಆಗುತ್ತೆ" ಎಂದು ಅಲ್ಲಿದ್ದ ಹುಡುಗ ಹೇಳಿದ. ಏಳು ಅಡಿ ಮೂರು ಇಂಚಿನ ಹೆವಿ ರಾಡ್. ರೀಲಿನಲ್ಲಿ ಲೈನನ್ನು ಅಂಚು ಮುಟ್ಟುವವರೆಗೆ ತುಂಬಿಕೊಟ್ಟಿದ್ದರು. ರೀಲ್ ಸುತ್ತುವ ಹಿಡಿ ಬಲಗಡೆಗೆ. ಈ ಮೂರೂ ನನಗೆ ತಪ್ಪು ಎಂದು ಗೊತ್ತಾಗಲು ಒಂದು ವರ್ಷ ಹಿಡಿಯಿತು.

ಎಸೆದಾಗಲೆಲ್ಲ ಗಂಟು. ಇಲ್ಲಿಯವರು ಅದಕ್ಕೆ ಹಕ್ಕಿಗೂಡು ಅನ್ನುತ್ತಾರೆ. ನೋಡಿದರೆ ಗೀಜಗನ ಗೂಡೇ. ಆಗುವುದು ಇಷ್ಟು: ಎಸೆದ ಹೊತ್ತಿಗೆ ಸ್ಪೂಲ್ ಜೋರಾಗಿ ತಿರುಗಲು ಶುರುಮಾಡುತ್ತದೆ. ಲೂರ್ ಗಾಳಿಗೆ ಸಿಕ್ಕು ನಿಧಾನವಾಗುತ್ತದೆ. ಸ್ಪೂಲಿಗೆ ಅದು ಗೊತ್ತಾಗುವುದಿಲ್ಲ, ಅದೇ ವೇಗದಲ್ಲಿ ಲೈನ್ ಬಿಡುತ್ತಲೇ ಇರುತ್ತದೆ. ಹೋಗಲು ಜಾಗವಿಲ್ಲದ ಲೈನ್ ಅಲ್ಲೇ ಉಬ್ಬಿ ಸಿಕ್ಕಾಗುತ್ತದೆ. ನಾನು ಬ್ರೇಕ್ ಜಾಸ್ತಿ ಮಾಡಿದೆ. ಲೂರ್ ಹತ್ತು ಮಾರು ಹೋಗಿ ಬಿತ್ತು. ಕಡಿಮೆ ಮಾಡಿದೆ. ಮತ್ತೆ ಗೂಡು. ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ದಂಡೆಯಲ್ಲಿ ಕಳೆದ ನಾಲ್ಕು ತಾಸಿನಲ್ಲಿ ಎರಡೂವರೆ ತಾಸು ಗಂಟು ಬಿಡಿಸಿದ್ದೇ ಆಯಿತು. ಉತ್ತರ ಟೆಕ್ಸಾಸ್‌ನ ಮಾರ್ಚ್ ಗಾಳಿ ಅನುಭವಿಸಿದವರಿಗೆ ಗೊತ್ತು. ಎದುರು ಗಾಳಿಗೆ ಎಸೆದರೆ ನುರಿತವರಿಗೂ ಗೂಡು ತಪ್ಪಿದ್ದಲ್ಲ.

ದಾರಿ ತೋರಿಸಿದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ರಾಡ್ ಮೇಲೆ ಹಿಡಿಯ ಹತ್ತಿರ ಸಣ್ಣ ಅಕ್ಷರದಲ್ಲಿ ಅದು ಎಷ್ಟು ಔನ್ಸ್‌ನ ಲೂರ್ ಎಸೆಯಬಲ್ಲದು ಎಂದು ಬರೆದಿರುತ್ತದೆ. ನನ್ನದರಲ್ಲಿ ಮೂರು ಎಂಟಾಂಶದಿಂದ ಒಂದೂವರೆ ಔನ್ಸ್, ಅಂದರೆ ಹೆಚ್ಚುಕಡಿಮೆ 10ರಿಂದ 42 ಗ್ರಾಂ. ಒಂದು ರಾತ್ರಿ ಡಬ್ಬಿಯಲ್ಲಿದ್ದ ಲೂರ್‌ಗಳನ್ನೆಲ್ಲ ತೂಗಿದೆ. ನಾನು ಎಸೆಯುತ್ತಿದ್ದವು ಬಹುತೇಕ ಆರು, ಏಳು ಗ್ರಾಂ! ಅಷ್ಟು ಹಗುರದ್ದಕ್ಕೆ ಆ ರಾಡ್ ಬಾಗುವುದೇ ಇಲ್ಲ. ಬಾಗದೆ ಇದ್ದರೆ ಲೂರ್‌ಗೆ ವೇಗ ಎಲ್ಲಿಂದ ಬರಬೇಕು? ಕೈಯ ಜೋರಿನಿಂದಲೇ ತಳ್ಳಬೇಕು. ಆಗ ಸ್ಪೂಲ್ ಜರ್ಕ್ ಹೊಡೆದು ತಿರುಗುತ್ತದೆ, ಗೂಡು ಕಟ್ಟುತ್ತದೆ. ಅದೇ ರಾತ್ರಿ ಇನ್ನೊಂದು ವಿಷಯವೂ ಗೊತ್ತಾಯಿತು. ಐದು ಇಂಚಿನ, ಉಪ್ಪು ಬೆರೆಸಿದ ದಪ್ಪ ಪ್ಲಾಸ್ಟಿಕ್ ಹುಳು ಒಂದೇ ಒಂಬತ್ತು ಗ್ರಾಂ ಮೇಲೆ ತೂಗಿತು. ಅದಕ್ಕೆ ಸೀಸ ಸೇರಿಸಿ, ಕೊಕ್ಕೆಯ ಮೊನೆ ಹುಳುವಿನೊಳಗೆ ಅಡಗುವ ಹಾಗೆ ಚುಚ್ಚಿ ಟೆಕ್ಸಾಸ್ ರಿಗ್ ಮಾಡಿದರೆ ಹದಿನಾಲ್ಕು ಗ್ರಾಂ. ಪೊಟ್ಟಣದ ಮೇಲೆ ಸೀಸದ ತೂಕ ಮಾತ್ರ ಬರೆದಿರುತ್ತಾರೆ. ಹುಳುವಿನ ತೂಕ ನಾವೇ ಸೇರಿಸಿಕೊಳ್ಳಬೇಕು.

ಆವತ್ತಿನಿಂದ ನನ್ನ ಲೆಕ್ಕ ತಿರುಗುಮುರುಗಾಯಿತು. ಮೊದಲು ಲೂರ್ ತೂಗುವುದು, ಅದಕ್ಕೆ ತಕ್ಕ ರಾಡ್ ಆರಿಸುವುದು, ರೀಲ್ ಕೊನೆಗೆ. ನಾನು ಜಾಸ್ತಿ ಎಸೆಯುವುದು 10ರಿಂದ 16 ಗ್ರಾಂ ಒಳಗಿನವು. ಅದಕ್ಕೆ ಏಳು ಅಡಿಯ ಮೀಡಿಯಂ ಹೆವಿ ರಾಡ್, ಫಾಸ್ಟ್ ಆ್ಯಕ್ಷನ್, ಕಾಲು ಔನ್ಸ್‌ನಿಂದ ಮುಕ್ಕಾಲು ಔನ್ಸ್‌ವರೆಗಿನದು. ಪವರ್ ಅಂದರೆ ಕೋಲು ಎಷ್ಟು ಗಟ್ಟಿ, ಆ್ಯಕ್ಷನ್ ಅಂದರೆ ಎಲ್ಲಿಂದ ಬಾಗುತ್ತದೆ. ಇವೆರಡೂ ಬೇರೆ ಬೇರೆ. ಫಾಸ್ಟ್ ಅಂದರೆ ತುದಿ ಮಾತ್ರ ಬಾಗುತ್ತದೆ, ಮೀನಿನ ಸಣ್ಣ ಟಕ್ ಕೈಗೆ ತಕ್ಷಣ ಬರುತ್ತದೆ. ರಾಡ್‌ಗೆ 120 ಡಾಲರ್ ಕೊಟ್ಟೆ. ಆಮೇಲೆ ಈ ಕುರಾಡೋಗೆ 180. ಒಟ್ಟು 300. ನನ್ನ ಮಟ್ಟಿಗೆ ಇದು ದೊಡ್ಡ ಖರ್ಚು, ಮೂರು ತಿಂಗಳು ಹೊರಗಿನ ಊಟ ಬಿಟ್ಟು ಹೊಂದಿಸಿದ್ದು.

200 ಅಂದರೆ ಬಲಗೈ ಹಿಡಿ, 201 ಅಂದರೆ ಎಡಗೈ ಹಿಡಿ. ನಾನು ಬಲಗೈಯಲ್ಲಿ ಎಸೆಯುವವನು, ಆದ್ದರಿಂದ 201 ತಗೊಂಡೆ. ಹಳೆಯದರಲ್ಲಿ ಎಸೆದ ಮೇಲೆ ರಾಡನ್ನು ಎಡಗೈಗೆ ಬದಲಾಯಿಸಬೇಕಿತ್ತು. ಬಾಸ್ ಎಷ್ಟೋ ಸಲ ಲೂರ್ ಮುಳುಗುವಾಗಲೇ ಕಚ್ಚುತ್ತದೆ. ಕೈ ಬದಲಾಯಿಸುವ ಹೊತ್ತಿಗೆ ಉಗುಳಿ ಹೋಗಿರುತ್ತದೆ. ಹೀಗೆ ಎಷ್ಟು ಮೀನು ಕಳೆದುಕೊಂಡೆನೋ. ಎರಡೂ ಕೈ ರೂಢಿ ಇರುವವರಿಗೆ ಇದು ತೊಂದರೆಯೇ ಅಲ್ಲ. ಇಲ್ಲಿನ ಹಳಬರಲ್ಲಿ ಅನೇಕರು ಬಲಗಡೆ ಹಿಡಿಯನ್ನೇ ಬಳಸುತ್ತಾರೆ.

ಗೇರ್ ಅನುಪಾತ, ಬೇರಿಂಗ್ ಲೆಕ್ಕ ಎಲ್ಲ ಡಬ್ಬಿಯ ಮೇಲೇ ಇದೆ. ನಾನು ಹೇಳಬೇಕಾದದ್ದು ಶುಕ್ರವಾರ ರಾತ್ರಿಯ ಕೆಲಸದ ಬಗ್ಗೆ.

ಊಟ ಆದ ಮೇಲೆ ಹಾಲ್‌ನಲ್ಲಿ ಊರಿಂದ ತಂದ ಜಮಖಾನ ಮಡಚಿ ಹಾಸುತ್ತೇನೆ. ನಮ್ಮದು ಎರಡನೇ ಮಹಡಿ. ಮೊದಲ ಸಲ ಸುಮ್ನೆ ನೆಲದ ಮೇಲೇ ಮಾಡಿದಾಗ ನನ್ನವಳು ಬಂದು, "ರೀ, ಏನದು ಟಕ್ ಟಕ್ ಅಂತ? ಕೆಳಗಿನ ಮನೇಲಿ ಮಗು ಮಲಗಿರುತ್ತೆ" ಅಂದಳು. ಅವತ್ತಿಂದ ಜಮಖಾನ. ಮಾರನೇ ದಿನ ಎಸೆಯಬೇಕಾದ ಲೂರನ್ನೇ ಕಟ್ಟುತ್ತೇನೆ. ಹಿಡಿಯ ಪಕ್ಕ ಒಂದು ಸಣ್ಣ ಗುಬುಟು ಇದೆ, ಸ್ಪೂಲ್ ಟೆನ್ಷನ್‌ನದು. ಅದನ್ನು ಸಡಿಲ ಬಿಟ್ಟು, ಹೆಬ್ಬೆರಳಲ್ಲಿ ಸ್ಪೂಲನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತೇನೆ. ಕಟಕಟ ಅನ್ನುತ್ತದೆ. ಆ ಅಲುಗಾಟ ನಿಲ್ಲುವಷ್ಟು ಮಾತ್ರ ಬಿಗಿ ಮಾಡಬೇಕು. ಆಮೇಲೆ ರಾಡ್ ಓರೆಯಾಗಿ ಮೇಲೆತ್ತಿ, ಸ್ಪೂಲನ್ನು ಸಡಿಲ ಬಿಡುವ ಗುಂಡಿ ಒತ್ತಿದರೆ ಲೂರ್ ಇಳಿಯುತ್ತದೆ. ಜಮಖಾನ ಮುಟ್ಟಿದ ಮೇಲೆ ಸ್ಪೂಲ್ ಒಂದು ಸುತ್ತಿಗಿಂತ ಜಾಸ್ತಿ ತಿರುಗಬಾರದು.

ಮೊದಲೆಲ್ಲ ನಾನು ಈ ಗುಬುಟನ್ನೇ ಬ್ರೇಕ್ ಅಂದುಕೊಂಡು ಪೂರ್ತಿ ಬಿಗಿ ಮಾಡುತ್ತಿದ್ದೆ. ಅದು ತಪ್ಪು. ಆಗ ಎಸೆತ ಶುರುವಿನಿಂದ ಕೊನೆವರೆಗೂ ಸ್ಪೂಲನ್ನು ಅಮುಕಿ ಹಿಡಿದ ಹಾಗೆ ಆಗುತ್ತದೆ, ದೂರವೇ ಹೋಗುವುದಿಲ್ಲ. ನಿಜವಾದ ಬ್ರೇಕ್ ಇನ್ನೊಂದು ಪಕ್ಕದ ಮುಚ್ಚಳದ ಒಳಗಿದೆ. ನಾಲ್ಕು ಪುಟ್ಟ ತುಂಡುಗಳು. ಉಗುರಿನಿಂದ ಹೊರಕ್ಕೆ ತೆರೆದರೆ ಕೆಲಸ ಮಾಡುತ್ತವೆ, ಒಳಕ್ಕೆ ಮಡಚಿದರೆ ಸುಮ್ಮನಿರುತ್ತವೆ. ಸ್ಪೂಲ್ ಜೋರಾಗಿ ತಿರುಗಿದಷ್ಟೂ ಅವು ಹೊರಗೆ ಒತ್ತಿ ಉಜ್ಜುತ್ತವೆ, ವೇಗ ಇಳಿದಂತೆ ಬಿಟ್ಟುಕೊಡುತ್ತವೆ. ಹೊರಗಿನ ಡಯಲ್‌ನಲ್ಲಿ 1ರಿಂದ 6. ಹೊಸಬರು ನಾಲ್ಕೂ ತೆರೆದು 6ಕ್ಕೆ ಇಡಿ. ಹತ್ತು ಎಸೆತ ಸರಿ ಹೋದರೆ ಒಂದು ಅಂಕಿ ಇಳಿಸಿ. ನಾನೀಗ ಎರಡು ತುಂಡು ತೆರೆದು, ಡಯಲ್ 3ರಲ್ಲಿ ಇಡುತ್ತೇನೆ. ಗಾಳಿ ಇದ್ದರೆ 5. ಲೂರ್ ಬದಲಾಯಿಸಿದರೆ ಮತ್ತೆ ನೋಡಲೇಬೇಕು. ತಿರುಗುವ ತಗಡಿನ ಸ್ಪಿನ್ನರ್‌ಬೇಟ್ ಲೂರ್‌ಗೆ ಸರಿ ಹೋದದ್ದು ಹುಳುವಿಗೆ ಸರಿ ಹೋಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಕೊನೆಯ ಬ್ರೇಕ್ ಹೆಬ್ಬೆರಳೇ. ಸ್ಪೂಲ್ ತಿರುಗುವಾಗ ಲೈನ್ ಉಬ್ಬಲು ಶುರುವಾದರೆ ಚರ್ಮಕ್ಕೆ ಗರಿ ಸವರಿದ ಹಾಗೆ ಗೊತ್ತಾಗುತ್ತದೆ. ಕಣ್ಣಿಗೆ ಕಾಣುವ ಮುಂಚೆ ಗೊತ್ತಾಗುತ್ತದೆ. ಅಷ್ಟೇ ಹಗುರವಾಗಿ ಮುಟ್ಟಿದರೆ ಸಾಕು, ಸರಿಹೋಗುತ್ತದೆ. ಇದು ಬರಲು ನನಗೆ ಎರಡು ಬೇಸಿಗೆ ಬೇಕಾದವು. ಬಂದ ಮೇಲೆ ಸೈಕಲ್ ಹೊಡೆಯುವ ಹಾಗೆ, ಮರೆಯುವುದೇ ಇಲ್ಲ.

ಒಂದು ಸಲ ಈ ರೀಲ್ ಕೆಟ್ಟೇ ಹೋಯಿತು ಎಂದುಕೊಂಡಿದ್ದೆ. ಹೊಸದಾಗಿ ಬ್ರೇಡ್ ಲೈನ್, ಅಂದರೆ ಎಳೆಗಳನ್ನು ಹೆಣೆದು ಮಾಡಿದ್ದು, ಸುತ್ತಿದ್ದೆ. ಒಳ್ಳೆಯ ಮೀನು ಕಚ್ಚಿತು, ಹಿಡಿ ತಿರುಗಿಸಿದರೆ ಲೈನ್ ಬರುತ್ತಲೇ ಇಲ್ಲ. ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ಲೈನ್ ಹರಿಯದೆ ಜಾರಲು ಬಿಡುವ ಹಿಡಿತ, ಅದನ್ನು ಪೂರ್ತಿ ಬಿಗಿ ಮಾಡಿದರೂ ಅಷ್ಟೇ. ಮೀನು ಹೋಯಿತು. ವಾಪಸ್ ಕೊಡಲು ಡಬ್ಬಿಗೂ ಹಾಕಿದ್ದೆ. ಆಮೇಲೆ ನೋಡಿದರೆ ತಪ್ಪು ನನ್ನದೇ. ಬ್ರೇಡ್ ನುಣುಪು. ನೇರವಾಗಿ ಸ್ಪೂಲಿಗೆ ಕಟ್ಟಿದರೆ ಸುತ್ತಿದ ಲೈನೆಲ್ಲ ಒಟ್ಟಿಗೆ ಜಾರಿ ತಿರುಗುತ್ತದೆ. ಕೆಳಗೆ ಕೆಲವು ಸುತ್ತು ಮೊನೊ, ಅಂದರೆ ನಮ್ಮ ತಂಗೂಸಿಯೇ, ಸುತ್ತಿ ಅದಕ್ಕೆ ಬ್ರೇಡ್ ಗಂಟು ಹಾಕಬೇಕು. ಲೈನ್ ಸ್ಪೂಲಿನ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೇ ನಿಲ್ಲಬೇಕು.

ಡ್ರ್ಯಾಗ್ ಅಳೆಯಲು ನಾನು ಬಳಸುವುದು ಬೆಂಗಳೂರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೈತಕ್ಕಡಿ. ಲೈನ್ ತುದಿಗೆ ಕೊಕ್ಕೆ ಸಿಕ್ಕಿಸಿ ಎಳೆದರೆ ಎಷ್ಟಕ್ಕೆ ಜಾರುತ್ತದೆ ಎಂದು ತೋರಿಸುತ್ತದೆ. ಲೈನಿನ ಶಕ್ತಿಯ ಕಾಲು ಭಾಗದ ಆಸುಪಾಸು ಇರಬೇಕು. ನನ್ನ 15 ಪೌಂಡ್ ಲೈನಿಗೆ ಎರಡು ಕೆಜಿ ಹತ್ತಿರ ಇಡುತ್ತೇನೆ.

ಇನ್ನು ಆ ಹಳೆಯ ಕಾಂಬೊ ವಿಷಯ. ಅದನ್ನು ಮಾರಲು ಫೋಟೊ ಕೂಡ ತೆಗೆದಿಟ್ಟಿದ್ದೆ. ಮೂರನೇ ವರ್ಷ, ಜೂನ್‌ನಲ್ಲಿ, ಗೆಳೆಯನೊಬ್ಬನ ದೋಣಿಯಲ್ಲಿ ಲೇಕ್ ಫೋರ್ಕ್‌ಗೆ ಹೋದೆವು. ಟೆಕ್ಸಾಸ್‌ನ ದಾಖಲೆಯ ಬಾಸ್, 18.18 ಪೌಂಡ್‌ನದು, 1992ರ ಜನವರಿಯಲ್ಲಿ ಸಿಕ್ಕಿದ್ದು ಅಲ್ಲೇ. ಅಲ್ಲಿ ನೀರಿನ ಮೇಲೆಲ್ಲ ಎಲೆ, ಕೆಳಗೆ ಬಳ್ಳಿಯ ಜಾಲ. ಮೇಲೆ ಎಳೆದುಕೊಂಡು ಹೋಗುವ ಪ್ಲಾಸ್ಟಿಕ್ ಕಪ್ಪೆಯೇ ಬೇಕು, ಅದು ಹದಿನೆಂಟು ಗ್ರಾಂ. ಸುಮ್ನೆ ಇರಲಿ ಎಂದು ಹಳೆಯದಕ್ಕೆ 50 ಪೌಂಡ್ ಬ್ರೇಡ್ ಸುತ್ತಿ ಒಯ್ದಿದ್ದೆ. ಎಸೆದೆ. ರಾಡ್ ಮೊದಲ ಸಲ ಸರಿಯಾಗಿ ಬಾಗಿತು. ಕಪ್ಪೆ ಬಾಣದ ಹಾಗೆ ಹೋಯಿತು. ಒಂದೂ ಗೂಡಿಲ್ಲ. ಎಲೆ ಸೀಳಿಕೊಂಡು ಬಂದು ಕಚ್ಚಿದ ಬಾಸನ್ನು ಆ ಗಟ್ಟಿ ಕೋಲು ಬಳ್ಳಿ ಸಮೇತ ಎತ್ತಿ ತಂದಿತು. 20 ಇಂಚು ಇತ್ತು. ಅಲ್ಲಿ 16ರಿಂದ 24 ಇಂಚಿನ ಒಳಗಿನವನ್ನು ನೀರಿಗೇ ಬಿಡಬೇಕು, ಬಿಟ್ಟೆವು. ನನ್ನ ಮೀಡಿಯಂ ಹೆವಿಯಲ್ಲಿ ಆಗಿದ್ದರೆ ಆ ಮೀನು ಬಳ್ಳಿಯೊಳಗೇ ಉಳಿಯುತ್ತಿತ್ತು. ಒಂದು ವರ್ಷ ನಾನು ಬೈದದ್ದೆಲ್ಲ ಆ ರಾಡ್‌ಗೆ ಸಲ್ಲಬೇಕಾದ ಬೈಗುಳವಲ್ಲ. "ಎಲ್ಲದಕ್ಕೂ ಆಗುತ್ತೆ" ಅನ್ನುವ ಆ ಮಾತಿನ ಮೇಲೆ ಮಾತ್ರ ನನಗೆ ಈಗಲೂ ಸಿಟ್ಟು. ಮಾರಾಟದ ಫೋಟೊ ಅಳಿಸಿದೆ.

ಕುರಾಡೋ ಐದು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಆದರೆ ನೋಡಿಕೊಳ್ಳಬೇಕು. ಸುತ್ತುವಾಗ ಲೈನನ್ನು ಅತ್ತಿತ್ತ ಒಯ್ಯುವ ತಿರುಪಿನ ಮೇಲೆ ದೂಳು ಕೂರುತ್ತದೆ, ಹಿಡಿ ತಿರುಗಿಸಿದರೆ ಕರಕರ ಅನ್ನುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಂಗಳಿಗೊಮ್ಮೆ ಉಜ್ಜುತ್ತೇನೆ. ಬೇರಿಂಗ್‌ಗೆ ಎಣ್ಣೆ ಒಂದೇ ಹನಿ. ಜಾಸ್ತಿ ಹಾಕಿದರೆ ಸ್ಪೂಲ್ ಮಂದವಾಗುತ್ತದೆ. ಮನೆಗೆ ಬಂದ ಮೇಲೆ ಡ್ರ್ಯಾಗ್ ಸಡಿಲ ಮಾಡಿ ಇಡುವುದನ್ನು ಮರೆಯಬೇಡಿ.

ಈಗ ಇದರ ಮುಂದಿನ ಮಾದರಿ ಬಂದಿದೆ. ಹಳೆಯದು ಸುಸ್ಥಿತಿಯಲ್ಲಿ ಸಿಕ್ಕರೆ ನಾನಾದರೆ ಅದನ್ನೇ ತಗೊಳ್ಳುತ್ತೇನೆ, ಉಳಿದ ದುಡ್ಡು ರಾಡ್‌ಗೆ ಹಾಕುತ್ತೇನೆ. ಕೈಯಲ್ಲಿ 150 ಡಾಲರ್ ಮಾತ್ರ ಇದ್ದರೆ 80 ರಾಡ್‌ಗೆ, 70 ರೀಲ್‌ಗೆ ಇಡಿ, ಎಡಗೈಯೋ ಬಲಗೈಯೋ ಎಂದು ಅಂಗಡಿಯಲ್ಲೇ ತಿರುಗಿಸಿ ನೋಡಿ. ವರ್ಷಕ್ಕೆ ನಾಲ್ಕೈದು ಸಲ ಹೋಗುವವರಿಗೆ, ಐದಾರು ಗ್ರಾಂ ಲೂರ್ ಮಾತ್ರ ಎಸೆಯುವವರಿಗೆ ಇದು ಬೇಡವೇ ಬೇಡ. ಎಸೆಯುವಾಗ ಸ್ಪೂಲ್ ತಿರುಗದ ಸ್ಪಿನ್ನಿಂಗ್ ರೀಲ್ ಸಾಕು.

ಕಲಿಯುವವರು ಟೆಕ್ಸಾಸ್‌ನಲ್ಲಿದ್ದರೆ ರಾಜ್ಯದ ಯಾವುದಾದರೂ ಸ್ಟೇಟ್ ಪಾರ್ಕ್‌ಗೆ ಹೋಗಿ. ಒಳಗೆ ದಂಡೆಯಿಂದ ಹಿಡಿಯಲು ಲೈಸೆನ್ಸ್ ಬೇಕಿಲ್ಲ. ಬ್ರೇಡ್ ಬೇಡ, 12 ಪೌಂಡ್ ಮೊನೊ ಸುತ್ತಿಕೊಳ್ಳಿ. 14 ಗ್ರಾಂನ ಒಂದು ಲೂರ್, ಒಂದು ಸುರುಳಿ ಎಲೆಕ್ಟ್ರಿಕ್ ಟೇಪ್ ಇರಲಿ. ಸಾಧ್ಯವಾದಷ್ಟು ದೂರ ಎಸೆದು, ಇನ್ನೂ ಐದಾರು ಮಾರು ಲೈನ್ ಕೈಯಿಂದ ಎಳೆದು, ಸ್ಪೂಲ್ ಮೇಲೆ ಉಳಿದ ಲೈನಿಗೆ ಟೇಪ್ ತುಂಡು ಅಂಟಿಸಿ, ಅದರ ಮೇಲೆ ಸುತ್ತಿಕೊಳ್ಳಿ. ಗೂಡು ಕಟ್ಟಿದರೂ ಟೇಪ್‌ನ ಕೆಳಗೆ ಇಳಿಯುವುದಿಲ್ಲ. ಗೂಡು ಕಟ್ಟಿದಾಗ ಎಳೆದಾಡಬೇಡಿ. ಹೆಬ್ಬೆರಳನ್ನು ಸ್ಪೂಲ್ ಮೇಲೆ ಗಟ್ಟಿಯಾಗಿ ಒತ್ತಿ, ಹಿಡಿಯನ್ನು ಎರಡು ಮೂರು ಸುತ್ತು ತಿರುಗಿಸಿ, ಆಮೇಲೆ ಲೈನ್ ಎಳೆಯಿರಿ. ಬಹಳ ಸಲ ಅಷ್ಟಕ್ಕೇ ಬಿಡಿಸಿಕೊಳ್ಳುತ್ತದೆ.