"ಬ್ಲ್ಯಾಕ್ ಬಾಕ್ಸ್" ಅಂತ ಹೇಳಿ ಮಾರಿದ ಡ್ಯಾಶ್‌ಕ್ಯಾಮು, ಏಳು ತಿಂಗಳು ಓಡಿಸಿದ ಮೇಲೆ

ಶಿರಸಿಯಲ್ಲಿ ಬಾಡಿಗೆ ಗಾಡಿ ಓಡಿಸ್ತೇನೆ, ಏಳು ಸೀಟಿಂದು. ತಿಂಗಳಿಗೆ ಹತ್ತು ಹನ್ನೆರಡು ಟ್ರಿಪ್ಪು ಬರೀ ಏರ್‌ಪೋರ್ಟಿಗೇ, ಹುಬ್ಬಳ್ಳಿ, ಗೋವಾ, ಅದಕ್ಕಿಂತ ಜಾಸ್ತಿ ಮಂಗಳೂರು, ಯಾಕಂದ್ರೆ ನಂಗೆ ಗೊತ್ತಿರೋ ಹೊನ್ನಾವರ ಭಟ್ಕಳದ ಗಲ್ಫ್ ಪಾರ್ಟಿಗಳೆಲ್ಲ ಅಲ್ಲಿಂದ್ಲೇ ಹೋಗೋದು ಬರೋದು. ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆಗ್ತದೆ ಅಂತ ಕೇಳಿ ಕೇಳಿ ಸಾಕಾಗಿದೆ, ಆದ ದಿವ್ಸ ನನ್ನ ಅರ್ಧ ದುಡಿಮೆ ಹೋಯ್ತು, ಅದು ಬೇರೆ ಮಾತು ಬಿಡಿ.

ಡ್ಯಾಶ್‌ಕ್ಯಾಮ್, ಅಂದ್ರೆ ಗಾಡಿಯ ಮುಂದಿನ ಗಾಜಿಗೆ ಅಂಟಿಸಿ ರಸ್ತೆ ರೆಕಾರ್ಡ್ ಮಾಡೋ ಕ್ಯಾಮೆರಾ, ತಗೊಂಡಿದ್ದು ಕಳೆದ ಬೇಸಿಗೆಗೆ ಮೊದ್ಲು. ಕುಮಟಾದಲ್ಲಿ ಒಬ್ಬ ಬೈಕಿನವ ತಾನೇ ಬಂದು ಗುದ್ದಿ ನನ್ನ ಹತ್ರ ನಾಲ್ಕು ಸಾವಿರ ಕಿತ್ಕೊಂಡು ಹೋದ, ಸಾಕ್ಷಿ ಹೇಳೋಕೆ ಒಂದು ನರಪಿಳ್ಳೆ ಇಲ್ಲ. ಮಾರನೇ ವಾರ ಹುಬ್ಬಳ್ಳಿಗೆ ಹೋದಾಗ ಒಂದು ಅಂಗಡಿಗೆ ನುಗ್ಗಿದೆ, ಅಂಗಡಿಯವ ಡಬ್ಬಿ ಎತ್ತಿ ತೋರ್ಸಿ "ಇದು ವಿಮಾನದ ಬ್ಲ್ಯಾಕ್ ಬಾಕ್ಸ್ ಇದ್ದಂಗೆ ಸರ್, ಏನಾದ್ರೂ ಎಲ್ಲಾ ದಾಖಲಾಗ್ತದೆ" ಅಂದ, ಡಬ್ಬಿ ಮೇಲೂ ಹಂಗೇ ಬರ್ದಿತ್ತು. 6,500 ಕೊಟ್ಟೆ. ಕಂಪನಿ ಹೆಸ್ರು, ಅಂಗಡಿ ಹೆಸ್ರು ಇಲ್ಲಿ ಹಾಕಲ್ಲ, ಈ ರೇಟಿನ ಮಾಲುಗಳೆಲ್ಲ ಒಂದೇ ಥರ ಇರ್ತವೆ, ಸ್ಟಿಕ್ಕರ್ ಮಾತ್ರ ಬೇರೆ.

ಆ ಬ್ಲ್ಯಾಕ್ ಬಾಕ್ಸ್ ಅನ್ನೋ ಮಾತೇ ನಂಗೆ ಎಷ್ಟೋ ಕಲಿಸ್ತು ಅನ್ನಿ. ಕುಮಟಾದ ಒಬ್ರು ನನ್ನ ಖಾಯಂ ಗಿರಾಕಿ, ಗಲ್ಫಲ್ಲಿ ವಿಮಾನದ ಮೇಂಟೆನನ್ಸ್ ಕೆಲ್ಸ. ರಜೆಗೆ ಬಂದಾಗ ಮಕ್ಕಳನ್ನ ಕಾರವಾರ ಟಾಗೋರ್ ಬೀಚಿಗೆ ಕರ್ಕೊಂಡು ಹೋಗಿದ್ವಿ, ಅಲ್ಲಿ ಐಎನ್‌ಎಸ್ ಚಪಲ್ ಹಡಗಿನ ಹತ್ರಾನೇ ಈಗ ನೌಕಾಪಡೆಯ ಟುಪೊಲೆವ್ ವಿಮಾನ ನಿಲ್ಸಿದ್ದಾರಲ್ಲ, ಅದನ್ನ ತೋರ್ಸೋಕೆ. ಅಜಮಾಸು ಐವತ್ತು ಮೀಟರ್ ಉದ್ದದ ರಾಕ್ಷಸ, ಒಂದೊಂದು ಎಂಜಿನ್ನಿಗೂ ಎರಡೆರಡು ಪ್ರೊಪೆಲ್ಲರು, ಒಂದು ಈಕಡೆ ತಿರುಗಿದ್ರೆ ಇನ್ನೊಂದು ಆಕಡೆ. 1988ರಿಂದ 2017ರ ತನಕ 29 ವರ್ಷ ಒಂದೂ ಅಪಘಾತ ಇಲ್ದೆ ಹಾರಿದ ಪಡೆ ಇದು ಅಂತ ಅವ್ರು ಹೇಳಿದ್ರು. ಬಾಲದ ನೆರಳಲ್ಲಿ ಕೂತು ಸೋಡಾ ಕುಡೀವಾಗ ನಾನು ಜಂಬದಲ್ಲಿ ನಮ್ಮ ಗಾಡೀಲೂ ಬ್ಲ್ಯಾಕ್ ಬಾಕ್ಸ್ ಉಂಟು ಅಂದೆ. ಮನುಷ್ಯ ನಕ್ಕಿದ್ದು ನೋಡ್ಬೇಕಿತ್ತು.

ಮೊದ್ಲನೇದು, ಅದು ಬ್ಲ್ಯಾಕೇ ಅಲ್ವಂತೆ, ಕಿತ್ತಳೆ ಬಣ್ಣ, ಅವಶೇಷದ ರಾಶಿಯಲ್ಲಿ ಕಣ್ಣಿಗೆ ಬೀಳ್ಲಿ ಅಂತ. ಹೆಚ್ಚಾಗಿ ಎರಡು ಪೆಟ್ಟಿಗೆ, ಒಂದರಲ್ಲಿ ಪೈಲಟ್‌ಗಳು ಕೂರೋ ಕಾಕ್‌ಪಿಟ್ಟಿನ ಮಾತು, ಸದ್ದು, ಇನ್ನೊಂದರಲ್ಲಿ ಎತ್ತರ, ವೇಗ, ಎಂಜಿನ್ನು, ಯಾವ ಸ್ವಿಚ್ಚು ಎಲ್ಲಿತ್ತು ಅನ್ನೋ ಲೆಕ್ಕ. ಹೆಚ್ಚಾಗಿ ಬಾಲದ ಕಡೆ ಇಡ್ತಾರೆ, ಮೂತಿ ಮೊದ್ಲು ಗುದ್ದೋದು ಜಾಸ್ತಿ ಆದ್ರಿಂದ ಹಿಂದೆ ಇದ್ದಿದ್ದು ಉಳಿಯೋ ಸಾಧ್ಯತೆ ಹೆಚ್ಚು. 1,100 ಡಿಗ್ರಿ ಬೆಂಕಿಯಲ್ಲಿ ಒಂದು ತಾಸು ತಡೀಬೇಕು, ಭೂಮಿಯ ಸೆಳೆತದ 3,400 ಪಟ್ಟು ಹೊಡೆತ ತಡೀಬೇಕು, ಸಮುದ್ರದಲ್ಲಿ 6,000 ಮೀಟರ್ ಆಳಕ್ಕೆ ಹೋದ್ರೂ ಒಳಗಿನ ಚಿಪ್ಪು ಉಳೀಬೇಕು, ನೀರಿಗೆ ಬಿದ್ದ ಕೂಡ್ಲೆ ಟಿಕ್ ಟಿಕ್ ಅಂತ ಸಿಗ್ನಲ್ ಕೊಡೋಕೆ ಶುರು ಮಾಡ್ಬೇಕು. ಇದನ್ನೆಲ್ಲ ಕೇಳಿ ನಾನು ಸುಮ್ನೆ ಸೋಡಾ ಬಾಟ್ಲಿ ವಾಪಸ್ ಕೊಡೋಕೆ ಎದ್ದೆ.

ಯಾಕಂದ್ರೆ ನನ್ನ ಬ್ಲ್ಯಾಕ್ ಬಾಕ್ಸು ಅದೇ ಕಾರವಾರದಲ್ಲಿ ಮೇ ತಿಂಗಳ ಬಿಸಿಲಿಗೆ ಎರಡು ತಾಸು ಗಾಡಿ ನಿಲ್ಸಿದ್ದಕ್ಕೇ ಸತ್ತಿತ್ತು. ಗಾಜಿನ ಅಂಟು ಬಿಟ್ಟು ಡ್ಯಾಶ್‌ಬೋರ್ಡ್ ಮೇಲೆ ಬೋರಲಾಗಿ ಬಿದ್ದಿತ್ತು, ಮುಟ್ಟಿದ್ರೆ ಸುಡ್ತಿತ್ತು, ಆಮೇಲೆ ಎಸಿ ಹಾಕಿ ತಣ್ಣಗೆ ಮಾಡಿದ್ಮೇಲೆ ಎದ್ಕೊಂತು, ಆದ್ರೆ ತಾರೀಕು 2018ಕ್ಕೆ ಹೋಗಿತ್ತು. ಒಳಗೆ ಬ್ಯಾಟರಿ ಇರೋ ಮಾಡೆಲ್ಲುಗಳ ಹಣೆಬರಹ ಇದು, ಕರಾವಳಿ ಬಿಸಿಲಿಗೆ ಬ್ಯಾಟರಿ ಉಬ್ಬಿ ಹೋಗ್ತದೆ, ತಗೊಳ್ಳೋರು ಬ್ಯಾಟರಿ ಬದ್ಲು ಕೆಪಾಸಿಟರ್ ಇರೋದು ಕೇಳಿ ತಗೊಳ್ಳಿ. ತಾರೀಕು ತಪ್ಪಿದ್ರೆ ಎಂತ ಆಯ್ತು ಅಂದ್ಕೋಬೇಡಿ, ಟೈಮ್ ತಪ್ಪಿರೋ ವಿಡಿಯೋ ಮೇಲೆ ಸಾಕ್ಷಿ ಕಟ್ಟೋಕೆ ಆಗಲ್ಲ. ವಿಮಾನದ ತನಿಖೆಯಲ್ಲಿ ಮೊದ್ಲ ಕೆಲ್ಸವೇ ಅದಂತೆ, ಧ್ವನಿಯ ಗಡಿಯಾರ, ಡೇಟಾದ ಗಡಿಯಾರ, ಕಂಟ್ರೋಲ್ ಟವರಿನ ಗಡಿಯಾರ ಮೂರನ್ನೂ ಸೆಕೆಂಡಿಗೆ ಸೆಕೆಂಡು ಕೂರ್ಸೋದು.

ಚಿತ್ರದ ಬಗ್ಗೆ ಹೇಳ್ಬೇಕಂದ್ರೆ ಹಗಲು ಚೊಲೋ ಉಂಟು, ಎದುರಿನ ಗಾಡಿ ನಂಬರು ಓದ್ಬಹುದು. ರಾತ್ರಿ ಮಳೆಯಲ್ಲಿ ಹೈವೇ ಮೇಲೆ ಎದುರಿಂದ ಲೈಟ್ ಬಿದ್ರೆ ಬರೀ ಬೆಳ್ಳಗೆ. ಆಡಿಯೋ ಮಾತ್ರ ಆಶ್ಚರ್ಯ ಆಗೋವಷ್ಟು ಕ್ಲಿಯರ್ರು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬರ್ತದೆ.

ಕಾರ್ಡಿನ ವಿಷಯ. ಡಬ್ಬಿ ಜೊತೆ ಬರೋ 32 ಜಿಬಿ ಕಾರ್ಡು ಐದಾರು ತಾಸು ತುಂಬಿ ಮೊದ್ಲಿಂದ ಅದರ ಮೇಲೇ ಬರೀತದೆ. ಹೊನ್ನಾವರದಲ್ಲಿ ಒಂದು ಸ್ಕೂಟಿ ಸೈಡಿಗೆ ಗೀರಿ ಹೋದಾಗ ನಾನು ಕ್ಲಿಪ್ಪು ಅಳಿಸಿ ಹೋಗದಂಗೆ ಹಿಡಿಯೋ ಲಾಕ್ ಬಟನ್ ಒತ್ತೋಕೆ ಮರ್ತು ಹಾಗೇ ಮಂಗಳೂರಿಗೆ ಹೋಗಿ ವಾಪಸ್ ಬಂದೆ, ನೋಡಿದ್ರೆ ಆ ಕ್ಲಿಪ್ಪೇ ಇಲ್ಲ. ಕಂಪನಿಗೆ ಬೈಯ್ದೆ. ಗಿರಾಕಿ ಹೇಳಿದ್ರು, ಅಮೆರಿಕದಲ್ಲೂ ಹಿಂಗೇ ಆಗಿದೆ ಮಾರಾಯ, 2024ರ ಜನವರಿ 5ಕ್ಕೆ ಅಲಾಸ್ಕಾ ಏರ್‌ಲೈನ್ಸಿನ ಬೋಯಿಂಗ್ ಆಕಾಶದಲ್ಲಿರುವಾಗ ಪಕ್ಕದ ಬಾಗಿಲಿನಷ್ಟು ಜಾಗ ಕಿತ್ಕೊಂಡು ಹೋಯ್ತಲ್ಲ, ಅದರ ಧ್ವನಿ ರೆಕಾರ್ಡರು ಎರಡು ತಾಸಿನ ಲೂಪು, ಇಳಿದ ಮೇಲೆ ಅದರ ಕರೆಂಟ್ ನಿಲ್ಸೋ ಸರ್ಕ್ಯೂಟ್ ಬ್ರೇಕರ್ ತೆಗೀಲಿಲ್ಲ, ತನಿಖೆಯವ್ರಿಗೆ ಸಿಗೋ ಹೊತ್ತಿಗೆ ಅದರ ಮೇಲೆ ಬೇರೆ ಸದ್ದು ಕೂತಿತ್ತು. ಇಂಥದ್ದು ಆಗ್ಬಾರ್ದು ಅಂತ್ಲೇ ಹೊಸ ದೊಡ್ಡ ವಿಮಾನಗಳಿಗೆ 25 ತಾಸಿನದು ಅಂತ ನಿಯಮ ಬಂದಿದ್ದು. ನಾನು 128 ಜಿಬಿ ಹಾಕಿದೆ.

ಚಾರ್ಜರ್ ಪಿನ್ನೂ ಸಡ್ಲ. ಘಟ್ಟದ ಹೊಂಡದಲ್ಲಿ ಒಂದು ಹಾರು ಹಾರಿದ್ರೆ ಕ್ಯಾಮೆರಾ ಆಫ್, ಅಂದ್ರೆ ಜೋರಾಗಿ ಗುದ್ದಿದ್ರೆ ಆ ಹೊತ್ತಿಗೇ ಆಫ್ ಆಗೋದು ಗ್ಯಾರಂಟಿ. 2024ರ ಡಿಸೆಂಬರ್ 29ಕ್ಕೆ ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಜೇಜು ಏರ್ ವಿಮಾನ ಬಿದ್ದು 179 ಜನ ಹೋದ್ರಲ್ಲ, ಅದರ ಎರಡೂ ರೆಕಾರ್ಡರು ಗುದ್ದೋಕೆ ನಾಲ್ಕು ನಿಮಿಷ ಮೊದ್ಲೇ ನಿಂತಿದ್ವು. ಬೇಕಾದ ನಾಲ್ಕು ನಿಮಿಷವೇ ಇಲ್ಲ. ಅಹಮದಾಬಾದಿನಲ್ಲಿ ಬಿದ್ದ ಏರ್ ಇಂಡಿಯಾ ವಿಮಾನದ್ದು ನೋಡಿ, ಬೋಯಿಂಗ್ 787ರಲ್ಲಿ ಮುಂದೊಂದು ಹಿಂದೊಂದು ಎರಡು ಪೆಟ್ಟಿಗೆ, ಹಿಂದಿನದು ಸುಟ್ಟು ಕೆಟ್ಟಿತ್ತು, ಮುಂದಿನದಕ್ಕೆ ಬೇರೆಯೇ ಬ್ಯಾಟರಿ ಇರ್ತದೆ, ಅದ್ರಿಂದ 49 ತಾಸಿನ ಡೇಟಾ ಸಿಕ್ತು. ನಾನು ಪಿನ್ನಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ದೇನೆ, ಸದ್ಯಕ್ಕೆ ನಿಂತಿದೆ.

ಈಗ ನಿಜ ವಿಷ್ಯಕ್ಕೆ ಬರ್ತೇನೆ. ಈ ಕ್ಯಾಮೆರಾಕ್ಕೆ ಒಂದು ಬೀಪ್ ಉಂಟು, ಗೆರೆ ದಾಟಿದ್ರೆ ಕೂಗ್ತದೆ. ಹೈವೇಲಿ ಸರಿ, ದೇವಿಮನೆ ಘಟ್ಟದಲ್ಲಿ ಗೆರೆ ಎಲ್ಲಿ, ರಸ್ತೆ ಎಲ್ಲಿ, ಪ್ರತಿ ತಿರುವಿಗೂ ಕೂಗಿ ಕೂಗಿ ತಲೆ ಕೆಡ್ತು, ಪ್ಯಾಸೆಂಜರೂ ಗೊಣಗಿದ್ರು, ಎರಡನೇ ವಾರಕ್ಕೇ ಸೌಂಡ್ ಸೊನ್ನೆ ಮಾಡಿಟ್ಟೆ.

ಜೂನಲ್ಲಿ ಒಂದಿನ ಭಟ್ಕಳದವ್ರನ್ನ ಮಂಗಳೂರಿಂದ ತರೋದಿತ್ತು. ವಿಮಾನ ಎರಡೂವರೆ ತಾಸು ಲೇಟು. ಅವ್ರನ್ನ ಬಿಟ್ಟು ಒಬ್ನೇ ವಾಪಸ್ ಹೊರಟೆ, ಹೊನ್ನಾವರದಲ್ಲಿ ಹೊಟ್ಟೆ ತುಂಬ ಬಿರಿಯಾನಿ ಹೊಡ್ದೆ, ಚಾ ಕುಡೀಲಿಲ್ಲ. ಬೆಳಗಿನ ಜಾವ ಮೂರೂ ಇಪ್ಪತ್ತಕ್ಕೆ ಘಟ್ಟದ ಮೇಲೆ ಎದುರಿಂದ ಲಾರಿ ಬಂದು ನನ್ನ ಬಲಗಡೆ ಕನ್ನಡಿ ಕಿತ್ಕೊಂಡು ಹೋಯ್ತು. ಒಂದು ಗೇಣು ತಪ್ಪಿತ್ತು ಅಷ್ಟೇ. ನಿಲ್ಲಿಸಿ ಕೈಕಾಲು ನಡುಗಿ ಲಾರಿಯವನ ವಂಶಕ್ಕೆಲ್ಲ ಬೈಯ್ದು ಮನೆಗೆ ಬಂದೆ. ಬೆಳಿಗ್ಗೆ ಸ್ಟ್ಯಾಂಡಲ್ಲಿ ಎಲ್ರಿಗೂ ತೋರ್ಸೋಣ, ಲಾರಿ ನಂಬರ್ ಹಿಡಿಯೋಣ ಅಂತ ಕಾರ್ಡ್ ತೆಗ್ದೆ. ಪುಣ್ಯಕ್ಕೆ ಮೊದ್ಲು ಒಬ್ನೇ ನೋಡಿದೆ.

ಲಾರಿ ತನ್ನ ಬದಿಯಲ್ಲೇ ಬರ್ತಿತ್ತು. ದೂರದಿಂದ್ಲೇ ಲೈಟ್ ಆಫ್ ಆನ್, ಆಫ್ ಆನ್. ನನ್ನ ಗಾಡಿ ನಿಧಾನಕ್ಕೆ, ಯಾರೋ ಹಗ್ಗ ಕಟ್ಟಿ ಎಳೆದಂಗೆ, ಬಲಕ್ಕೆ ಹೋಗ್ತಾ ಉಂಟು. ಸ್ಟೇರಿಂಗ್ ತಿರುಗೋ ಸದ್ದಿಲ್ಲ, ಬ್ರೇಕಿಲ್ಲ. ಹನ್ನೊಂದು ಸೆಕೆಂಡು. ಆ ಹನ್ನೊಂದು ಸೆಕೆಂಡಲ್ಲಿ ವೈಪರ್ ಸದ್ದಿನ ಮಧ್ಯೆ ಒಂದು ಉಸಿರು ಕೇಳ್ತದೆ, ಉದ್ದಕ್ಕೆ, ಕೊನೆಗೆ ಸ್ವಲ್ಪ ಗೊರ್ ಅಂತ. ನಂದು.

ಮಂಗಳೂರಿನ ವಿಮಾನ ದುರಂತದ ವರದಿ ಓದ್ಬೇಕು ಅನ್ಸಿದ್ದು ಅವತ್ತು. 2010ರ ಮೇ 22, ದುಬೈಯಿಂದ ಬಂದಿದ್ದು, 166 ಜನರಲ್ಲಿ 158 ಜನ ಹೋದ್ರು, ನಮ್ಮ ಕರಾವಳಿಯಲ್ಲಿ ಯಾರಿಗೆ ಮರೀತದೆ. ಆವಾಗ ಈಗಿನ ವಿಮಾನ ಅಪಘಾತ ತನಿಖಾ ಬ್ಯೂರೋ ಇರ್ಲಿಲ್ಲ, ಅದು ಬಂದಿದ್ದು 2012ರಲ್ಲಿ. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವ್ರ ಕೋರ್ಟ್ ಆಫ್ ಎನ್ಕ್ವೈರಿ ತನಿಖೆ ಮಾಡ್ತು. ಧ್ವನಿ ರೆಕಾರ್ಡರಿನಲ್ಲಿ ಸಿಕ್ಕಿದ್ದು ಎರಡು ತಾಸು ಚಿಲ್ಲರೆ. ಅದರಲ್ಲಿ ಮೊದಲ 1 ಗಂಟೆ 40 ನಿಮಿಷ ಇಬ್ಬರು ಪೈಲಟ್‌ಗಳ ಮಧ್ಯೆ ಮಾತುಕತೆನೇ ಇಲ್ಲ, ನಡುನಡುವೆ ಕ್ಯಾಪ್ಟನ್ನಿನ ಗೊರಕೆ. ಎದ್ದ ಮೇಲೆ ನಿದ್ದೆಯ ಮಂಪರು, ವಿಮಾನ ಇರಬೇಕಾದ್ದಕ್ಕಿಂತ ಎಷ್ಟೋ ಎತ್ತರ, ಯಂತ್ರ ಎಚ್ಚರಿಕೆ ಕೂಗ್ತಾ ಉಂಟು, ಕಿರಿಯ ಪೈಲಟ್ ಮೂರು ಸಲ ಗೋ ಅರೌಂಡ್ ಅಂದ, ಅಂದ್ರೆ ಇಳೀಬೇಡ, ಮತ್ತೆ ಮೇಲೆ ಹೋಗಿ ಸುತ್ತಿ ಬಾ. ಕ್ಯಾಪ್ಟನ್ ಕೇಳ್ಲಿಲ್ಲ. 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳ್ದ ಮೇಲೆ ಚಕ್ರ ಮುಟ್ತು. ಓದ್ತಾ ಓದ್ತಾ ನನ್ನ ಬೀಪ್ ಸೌಂಡು ಸೊನ್ನೆಗೆ ಇಟ್ಟಿದ್ದು ನೆನಪಾಯ್ತು, ಲಾರಿಯವನ ಲೈಟು ನೆನಪಾಯ್ತು, ಕೂತಲ್ಲೇ ಬೆವರ್ತು.

ಗಿರಾಕಿಗೆ ಫೋನ್ ಹಚ್ಚಿ ಹೇಳ್ಕೊಂಡೆ, ಬೈತಾರೆ ಅಂದ್ಕೊಂಡಿದ್ದೆ. ಅವ್ರು ಬೈಲಿಲ್ಲ, ಪಟ್ಟಿ ಕೇಳಿದ್ರು. ವಿಮಾನ ಎಷ್ಟು ಲೇಟು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಎಂತ ತಿಂದೆ, ಬೀಪ್ ಯಾಕೆ ಆಫು, ಭಟ್ಕಳದಲ್ಲೇ ಮಲಗೋಕೆ ಯಾಕೆ ಆಗ್ಲಿಲ್ಲ, ಬೆಳಿಗ್ಗೆ ಏಳಕ್ಕೆ ಬೇರೆ ಬಾಡಿಗೆ ಒಪ್ಕೊಂಡಿದ್ದು ಯಾರು. ಜಗತ್ತಿನ ವಿಮಾನ ತನಿಖೆಗೆಲ್ಲ ಒಂದೇ ನಿಯಮ ಅಂತೆ, ಅಂತಾರಾಷ್ಟ್ರೀಯ ಒಪ್ಪಂದದ 13ನೇ ಅನುಬಂಧ, ತನಿಖೆ ಇರೋದು ಮತ್ತೆ ಆಗದಂಗೆ ತಡೆಯೋಕೆ, ತಪ್ಪು ಯಾರ ತಲೆಗೆ ಕಟ್ಟೋಣ ಅನ್ನೋಕಲ್ಲ, ಅದಕ್ಕೆ ಪೊಲೀಸು ಕೋರ್ಟು ಬೇರೆ ಉಂಟು. ಜೇಮ್ಸ್ ರೀಸನ್ ಅನ್ನೋ ಬ್ರಿಟಿಷ್ ಮನಃಶಾಸ್ತ್ರಜ್ಞ ಅಪಘಾತ ಅಂದ್ರೆ ಚೀಸಿನ ತುಂಡುಗಳ ತೂತುಗಳೆಲ್ಲ ಒಂದೇ ಸಾಲಿಗೆ ಬರೋದು ಅಂದಿದ್ನಂತೆ, ಒಂದೊಂದು ತುಂಡು ಅಂದ್ರೆ ಅಪಘಾತಕ್ಕೆ ಒಂದೊಂದು ತಡೆ, ತೂತು ಅಂದ್ರೆ ಅದರ ಲೋಪ. ನಮ್ಗೆಲ್ಲಿಂದ ಬರ್ಬೇಕು ಅಂಥ ಚೀಸು, ನಾನು ತೆಳ್ಳೇವು, ನಮ್ಮ ಕಡೆಯ ತೆಳು ದೋಸೆ, ಅಂತ ತಿಳ್ಕೊಂಡೆ, ನಾಲ್ಕೈದು ಒಂದರ ಮೇಲೊಂದು ಇಟ್ಟಾಗ ತೂತೆಲ್ಲ ನೆಟ್ಟಗೆ ಬಂದ್ರೆ ಜೋನಿ ಬೆಲ್ಲ ಸೀದಾ ತಟ್ಟೆಗೆ.

ಅಹಮದಾಬಾದ್ ಆದಾಗ ನಮ್ಮ ಸ್ಟ್ಯಾಂಡಲ್ಲೂ ಎಲ್ರೂ ತನಿಖಾಧಿಕಾರಿಗಳೇ. 2025ರ ಜೂನ್ 12ಕ್ಕೆ ಬಿತ್ತು, ನೆಲದ ಮೇಲಿದ್ದವ್ರೂ ಸೇರಿ 260 ಜನ. ಜುಲೈ 12ಕ್ಕೆ ಪ್ರಾಥಮಿಕ ವರದಿ ಬಂತು, ಇಂಧನದ ಎರಡೂ ಸ್ವಿಚ್ಚು ಒಂದು ಸೆಕೆಂಡ್ ಅಂತರದಲ್ಲಿ ಕಟಾಫಿಗೆ ಹೋಯ್ತು, ಯಾಕೆ ಆಫ್ ಮಾಡಿದೆ ಅಂತ ಪೈಲಟ್‌ಗಳಲ್ಲಿ ಒಬ್ರು ಕೇಳಿದ್ರು, ನಾನು ಮಾಡಿಲ್ಲ ಅಂತ ಇನ್ನೊಬ್ರು. ಯಾಕೆ, ಹೆಂಗೆ ಅಂತ ಆ ವರದಿ ಹೇಳಿಲ್ಲ, ಮೂವತ್ತು ದಿನದ ವರದಿ ಅಷ್ಟೇ. ಟೀವಿಯವ್ರು ಅವತ್ತೇ ರಾತ್ರಿ ತೀರ್ಪು ಕೊಟ್ರು. ನಾನೂ ಚಾ ಕುಡೀತಾ ಕೊಟ್ಟಿದ್ದೆ, ಸುಳ್ಳು ಯಾಕೆ.

ಕ್ಯಾಮೆರಾಕ್ಕೆ ಐದಕ್ಕೆ ಮೂರು ಕೊಡ್ತೇನೆ. ಬಿಸಿಲಿಗೆ ಒಂದು, ಪಿನ್ನಿಗೆ ಅರ್ಧ, ಬ್ಲ್ಯಾಕ್ ಬಾಕ್ಸ್ ಅಂತ ಸುಳ್ಳು ಹೇಳಿದ್ದಕ್ಕೆ ಅರ್ಧ ಕಟ್. ಗಾಜಿಗೆ ಅಂಟಿಸೋಕೆ ಅವ್ರ ಟೇಪ್ ಬೇಡ, ಹಾರ್ಡ್‌ವೇರ್ ಅಂಗಡಿಯ ಕೆಂಪು ಟೇಪು ಒಳ್ಳೇದು. ಬೀಪ್ ಈಗ ಅರ್ಧ ಸೌಂಡಿಗೆ ಇಟ್ಟಿದ್ದೇನೆ, ಘಟ್ಟದಲ್ಲಿ ತಲೆನೋವೇ, ಪ್ಯಾಸೆಂಜರಿಗೆ ಮೊದ್ಲೇ ಹೇಳಿಬಿಡ್ತೇನೆ. ರಾತ್ರಿ ಒಂದು ಗಂಟೆ ಮೇಲೆ ಘಟ್ಟ ಹತ್ತಲ್ಲ, ಕುಮಟಾದಲ್ಲಿ ಗಾಡಿ ಸೀಟಲ್ಲೇ ಕಾಲು ಚಾಚ್ತೇನೆ. ವಿಮಾನಗಳಿಗೆ ನಿಯಮ ಮಾಡೋ ಸರ್ಕಾರದ ಡಿಜಿಸಿಎಯವ್ರು ಪೈಲಟ್‌ಗಳಿಗೆ ವಾರದ ಕಡ್ಡಾಯ ವಿಶ್ರಾಂತಿ 36 ತಾಸಿಂದ 48ಕ್ಕೆ ಏರ್ಸಿದ್ರು, ನಮ್ಗೆ ಯಾವ ಡಿಜಿಸಿಎ.

ಹೋದ ವಾರ ಅದೇ ಅಂಗಡಿಯವ ಹೊಸ ಮಾಡೆಲ್ ತೋರ್ಸಿದ, 9,000. ಒಳಗಡೆಗೂ ಒಂದು ಕಣ್ಣು ಉಂಟು, ಡ್ರೈವರ್ ರೆಪ್ಪೆ ಮುಚ್ಚಿದ್ರೆ ಕೂಗ್ತದಂತೆ. ಕಾಕ್‌ಪಿಟ್ಟಲ್ಲಿ ವಿಡಿಯೋ ಬೇಡ ಅಂತ ಪೈಲಟ್‌ಗಳ ಸಂಘದವ್ರು ಎಷ್ಟೋ ವರ್ಷದಿಂದ ಹಟ ಹಿಡಿದಿದ್ದಾರಂತೆ, ಅವ್ರ ಸಂಕಟ ಅರ್ಥ ಆಗ್ತದೆ, ದಿನಾ ಹದಿನಾಲ್ಕು ತಾಸು ನನ್ನ ಮುಖ ರೆಕಾರ್ಡ್ ಆಗೋದು ನಂಗೂ ಒಗ್ಗಲ್ಲ. ಬೇಡ ಅಂತ ಬಂದೆ. ಆದ್ರೆ ಹನ್ನೊಂದು ಸೆಕೆಂಡಿನ ಆ ಕ್ಲಿಪ್ಪು ಲಾಕ್ ಮಾಡಿ ಇಟ್ಟಿದ್ದೇನೆ, ಹೆಂಡ್ತಿಗೆ ಇನ್ನೂ ತೋರ್ಸಿಲ್ಲ, ಕನ್ನಡಿ ಕೋಲಿಗೆ ತಾಗಿ ಹೋಯ್ತು ಅಂತ್ಲೇ ಅವ್ಳು ತಿಳ್ಕೊಂಡಿದ್ದಾಳೆ.